ಹುಸೇನಮ್ಮನ ಕನಸು ಕದ್ದು ಕೇಳಿದವಳು

ಖೈರೂನ್ ಆಪಾಳ ಕಂಪ್ಯೂಟರಿನ ಫೈರ್‌ವಾಲ್ ಬಂದ್ ಮಾಡಿಟ್ಟವಳು ನಾನು. ಕರೆಂಟಲ್ಲ, ಹಣೆಬರಹವಲ್ಲ, ಆಕೆಯ ಕೈತಪ್ಪಂತೂ ಅಲ್ಲವೇ ಅಲ್ಲ — ನಾನು, ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯ ಗಿರಿಜಾ. ಮೊದಲ ದಿನ ಮರೆತೆ ಎಂದರೆ ಅದೊಂದು ನಿಜ. ಆಮೇಲೆ ಮರೆಯಲಿಲ್ಲ. ಪ್ರತಿದಿನ ನೆನಪಿಟ್ಟುಕೊಂಡು, ಬೇಕೆಂದೇ, ಅದನ್ನು ಹಾಗೇ ಬಿಟ್ಟೆ. ಅದರಿಂದ ಆಪಾ ಕಳೆದುಕೊಂಡದ್ದು ತನ್ನ ಸತ್ತ ತಾಯಿಯ ಧ್ವನಿಯನ್ನು. ಆ ಧ್ವನಿ ನನ್ನ ಹತ್ತಿರ ಇತ್ತು. ಇದ್ದೂ, ಇಲ್ಲ ಎಂದೆ.

ಇಷ್ಟು ಬರೆದು ಎದ್ದುಹೋಗಿ, ನೀರು ಕುಡಿದು ಬಂದು ಕೂತಿದ್ದೇನೆ. ಓದುವವರೇ, ನನ್ನನ್ನು ಒಳ್ಳೆಯವಳೆಂದು ತಿಳಿಯಬೇಡಿ. ಕೆಟ್ಟವಳೆಂದು ತಿಳಿದು ಸುಮ್ಮನಾಗಲೂ ಬೇಡಿ — ಪೂರ್ತಿ ಕೇಳಿ, ಆಮೇಲೆ ಏನಾದರೂ ಅನ್ನಿ.

ಮಸ್ಕಿಯಲ್ಲಿ ನಮ್ಮ ಎರಡು ಮನೆಗಳ ಹಿತ್ತಲಿಗೆ ನಡುವೆ ಎದೆಮಟ್ಟದ ಒಂದು ಗೋಡೆ. ಅದರ ಮೇಲೆ ಏನೇನು ದಾಟಿಲ್ಲ! ಹೆಪ್ಪಿಗೆ ಮಜ್ಜಿಗೆ, ಹಬ್ಬದ ಹೋಳಿಗೆ, ರಂಜಾನಿನ ಶೀರ್‌ಕುರ್ಮಾ, ಜಗಳವಾಡಿದ ದಿನ ಮುಖ ತಿರುಗಿಸಿಕೊಂಡೇ ಕೊಟ್ಟ ಕರಿಬೇವು. ನಾನು ಮನೆಯಲ್ಲೇ ಟೈಪಿಂಗ್ ಕೆಲಸ ಮಾಡುತ್ತಿದ್ದೆ — ಮದುವೆ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಅರ್ಜಿ. ನನ್ನ ಗಂಡ ಮಾಸ್ತರ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಆಪಾ — ಅವರ ಮಾತಿನಲ್ಲಿ ಅಕ್ಕ — ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಗಂಡ ತೀರಿದವಳು, ಜಂಪರ್ ಹೊಲಿಯುವುದರಲ್ಲಿ ಇಡೀ ಮಸ್ಕಿಗೆ ಹೆಸರಾದವಳು. ಕಂಪ್ಯೂಟರಿನಲ್ಲಿ ಕಸೂತಿಯ ಚಿತ್ರ ಹುಡುಕಿ, ಕಾಗದಕ್ಕಿಳಿಸಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಚುಚ್ಚಿ ಗೆರೆ ಎಳೆದು ಹೊಲಿಯುವ ಉಪಾಯ ಊರಿಗೆ ತಂದವಳೂ ಆಕೆಯೇ.

ಇಂಟರ್‌ನೆಟ್ ಲೈನ್ ನಮ್ಮ ಮನೆಗೆ ಬಂದಿತ್ತು. ಒಳ್ಳೆಯ ಪ್ರಿಂಟರ್ ಇದ್ದದ್ದು ಆಕೆಯ ಮನೆಯಲ್ಲಿ. ಮತ್ತೇನು ಯೋಚನೆ? ಗೋಡೆಯ ಮೇಲಿಂದ ಒಂದು ವೈರ್ ಹಾಕಿಕೊಂಡೆವು. ನಮ್ಮ ಲೈನು ಆಕೆಗೆ, ಆಕೆಯ ಪ್ರಿಂಟರು ನನಗೆ. ನಾನು ಇಲ್ಲಿ ಕೂತು ಒತ್ತಿದರೆ ಅಲ್ಲಿ ಕಾಗದ ಹೊರಬರುತ್ತಿತ್ತು, ಆಪಾ ಅದನ್ನು ತಂದು ಗೋಡೆಯ ಮೇಲಿಟ್ಟು, ಹಾರದಂತೆ ಕಲ್ಲು ಹೇರಿ, "ಏ ಗಿರಿಜಾ, ನಿನ್ನ ಮದಿವಿ ಹುಡುಗ ಬಂದಾನ ನೋಡಬೇ!" ಎಂದು ಕೂಗುತ್ತಿದ್ದಳು. ಲಗ್ನಪತ್ರಿಕೆ ಬಂದಾಗಲೆಲ್ಲ ಅದೇ ಮಾತು. ನಾನು ಪ್ರತಿಸಲ ನಗುತ್ತಿದ್ದೆ.

ವೈರ್ ಹಾಕಿದ ದಿನ ಪ್ರಿಂಟ್ ಬರಲಿಲ್ಲ. ಮದುವೆಗೆ ಮೊದಲು ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿತಿದ್ದೆ. ಕಲಿಸಿದ ಸರ್‌ಗೆ ಫೋನ್ ಹಚ್ಚಿದೆ. ಅವರು ಪಾಠ ಹೇಳುವಾಗ ಫೈರ್‌ವಾಲ್ ಅಂದರೇನೆಂದು ತಿಳಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. "ಊರ ಅಗಸಿ ಬಾಗಲದಾಗ ತಳವಾರ ಕುಂತಿರತಾನ ನೋಡ್ರಿ, ಹಂಗ. ಬಂದವರನ್ನ ಯಾರು, ಎಲ್ಲಿಂದ, ಯಾಕ ಅಂತ ಕೇಳತೈತಿ. ಗುರ್ತಿಲ್ಲದವರನ್ನ ಒಳಗ ಬಿಡಂಗಿಲ್ಲ." ಈಗ ಫೋನಿನಲ್ಲಿ ಅವರೆಂದದ್ದು: "ನಿಮ್ಮ ಆಪಾರ ಕಂಪ್ಯೂಟರ್ ನಿಮ್ಮನ್ನ ಗುರ್ತು ಹಿಡಿವಲ್ತು. ಪರೀಕ್ಷಾ ಮಾಡಾಕ ಒಂದ್ ಗಳಿಗಿ ಫೈರ್‌ವಾಲ್ ಬಂದ್ ಮಾಡ್ರಿ. ಪ್ರಿಂಟ್ ಬಂದ್ರ ಮತ್ತ ಚಾಲೂ ಮಾಡಿ, ಬರೇ ಪ್ರಿಂಟರಿಗೆ ದಾರಿ ಬಿಡ್ರಿ. ಬಂದ್ ಮಾಡಿ ಹಂಗ ಬಿಟ್ಟೀರಿ, ಮತ್ತ!"

ಬಂದ್ ಮಾಡಿದೆ. ಒಂದೊಂದನ್ನೇ ಆರಿಸುವ ಬೇಸರಕ್ಕೆ ಆಕೆಯ ಡ್ರೈವನ್ನು ಪೂರ್ತಿ ಹಂಚಿಕೆಗೆ ಇಟ್ಟೆ, ಅಂದರೆ ಅದರಲ್ಲಿದ್ದ ಕಡತಗಳೆಲ್ಲ ನನ್ನ ಕಂಪ್ಯೂಟರಿಗೂ ಕಾಣುವಂತೆ. ಪ್ರಿಂಟ್ ಬಂತು. ಆಪಾ ಕುಣಿದಾಡುವುದೊಂದು ಬಾಕಿ — ಆ ಕಾಗದವನ್ನು ಹಿಡಿದು ಓಣಿಯವರಿಗೆಲ್ಲ ತೋರಿಸಿದಳು, ಚಹಾ ಆಯಿತು, ಮಂಡಕ್ಕಿ ಆಯಿತು. ತಳವಾರನನ್ನು ಮತ್ತೆ ಅಗಸಿಯಲ್ಲಿ ಕೂರಿಸುವುದು ಮರೆತೇ ಹೋಯಿತು. ಇದು ಮರೆವು. ಇದಕ್ಕೆ ಕ್ಷಮೆ ಇದ್ದೀತೋ ಏನೋ.

ಆಪಾಳ ತಾಯಿಯನ್ನು ಓಣಿಯೆಲ್ಲ ಹುಸೇನಮ್ಮ ಎನ್ನುತ್ತಿತ್ತು. ಬಳಗಾನೂರಿನವಳು. ಮುಪ್ಪಿನಲ್ಲಿ ಕಣ್ಣು ಮಂಜಾಗಿ, ಮೊಣಕಾಲು ಹಿಡಿದುಕೊಂಡು, ಹಗಲೆಲ್ಲ ಹೊರಸಿನ ಮೇಲೆಯೇ. ಆಕೆಗೊಂದು ರೂಢಿಯಿತ್ತು: ಕಂಡ ಕನಸನ್ನು ಅದೇ ದಿನ ಹೊತ್ತು ಮುಳುಗುವುದರೊಳಗೆ ಯಾರಿಗಾದರೂ ಹೇಳಲೇಬೇಕು. ಹೇಳದೆ ಉಳಿದರೆ ಅದು ಎದೆಯಲ್ಲಿ ಹುಳಿಯುತ್ತದೆ ಎಂದು ಆಕೆಯ ನಂಬಿಕೆ. ಚಿಕ್ಕವಳಿದ್ದಾಗ ಹೊಲದಲ್ಲಿ ಯಾರೂ ಸಿಗದಿದ್ದರೆ ಬೇವಿನ ಮರಕ್ಕೆ ಹೇಳಿ ಬರುತ್ತಿದ್ದಳಂತೆ. ಈಗ ಮನೆಯಲ್ಲಿ ಜೊತೆಗಿದ್ದವಳು ಈ ಮಗಳೊಬ್ಬಳೇ, ಮತ್ತು ಮಗಳಿಗೆ ಲಗ್ನಸರಾಯಿಯ ಜಂಪರುಗಳು ತಲೆಯ ಮಟ್ಟ ಬಿದ್ದಿದ್ದವು. ಹೊಲಿಗೆ ಯಂತ್ರದ ಸದ್ದಿನಲ್ಲಿ ಮುದುಕಿಯ ಮಾತು ಕೇಳಿಸುತ್ತಲೂ ಇರಲಿಲ್ಲ. ಆಪಾ ಒಂದು ಯುಕ್ತಿ ಹೂಡಿದಳು. ತಾಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪುಟ್ಟ ಮೈಕು ಹಿಡಿಸಿ, "ಅಮ್ಮಿ, ಇದರ ಮುಂದ ಹೇಳು. ಇದು ಇಟ್ಕೊಂತೈತಿ. ಕೆಲಸ ಹರದ ಮ್ಯಾಲೆ ಕುಂತು ಕೇಳ್ತೀನಿ" ಎಂದಳು. ಇದನ್ನು ಆಪಾಳೇ ನನಗೆ ಹೇಳಿದ್ದು, ನಗುತ್ತ. ಬೇವಿನ ಮರದ ಬದಲಿಗೆ ಕಂಪ್ಯೂಟರು ಎಂದು ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು.

ಒಂದು ಮಧ್ಯಾಹ್ನ ನಾನು ಪ್ರಿಂಟ್ ಒತ್ತಲು ಹೋಗಿ ಆಕೆಯ ಡ್ರೈವ್ ತೆರೆದುಕೊಂಡೆ. ನನ್ನ ಪರದೆಯ ಮೇಲೆ ಆಕೆಯ ಫೋಲ್ಡರುಗಳು ಸಾಲಾಗಿ ನಿಂತಿದ್ದವು. ಹೂವು, ಬಳ್ಳಿ, ನವಿಲು — ಕಸೂತಿಯವು. ಕೊನೆಯಲ್ಲೊಂದು, 'ಅಮ್ಮಿ' ಎಂದು. ಅಯ್ಯೋ, ತಳವಾರ ಇಲ್ಲವಲ್ಲ ಎಂದು ಆಗ ಹೊಳೆಯಿತು. ಎದ್ದುಹೋಗಿ ಚಾಲೂ ಮಾಡಿ ಬರಬೇಕಿತ್ತು. ಎರಡು ನಿಮಿಷದ ಕೆಲಸ. ಬೆರಳು ಮಾತ್ರ ಆ ಫೋಲ್ಡರಿನ ಮೇಲೆ ಹೋಯಿತು.

ಹೊರಗೆ ಬಿಸಿಲು ಕಾದು ಓಣಿ ಮಲಗಿತ್ತು. ಕಿಟಕಿಗೆ ಹಳೆ ಸೀರೆ ಕಟ್ಟಿದ್ದರಿಂದ ಕೋಣೆಯೊಳಗೆ ಮಬ್ಬು ಹಸಿರು ಬೆಳಕು. ಆ ಬೆಳಕಿನಲ್ಲಿ ಹುಸೇನಮ್ಮ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ನನ್ನ ಕಿವಿಯಲ್ಲೇ ಕೂತವಳ ಹಾಗೆ ಮಾತಾಡತೊಡಗಿದಳು. ದಖನಿ ಉರ್ದುವಿನಲ್ಲಿ ಶುರುಮಾಡುವಳು, ಹೊಲ, ನೀರು, ದನದ ಮಾತು ಬಂದೊಡನೆ ಕನ್ನಡಕ್ಕೆ ಹೊರಳುವಳು.

"ಕಾಲುವಿ ನೀರು ಮನಿಯೊಳಗ ಬಂದಿತ್ತವ್ವಾ. ಯಾರೂ ಓಡವಲ್ರು. ನೀರಿನ್ಯಾಗ ಹೊರಸು ತೇಲಾಕತ್ತಿತ್ತು, ಹೊರಸಿನ ಮ್ಯಾಲೆ ನಿಮ್ಮಪ್ಪ ಕುಂತು ಹುಕ್ಕಾ ಎಳಿಯಾಕತ್ತಿದ್ದ. ಹುಕ್ಕಾದಾಗಿಂದ ಹೊಗಿ ಬರಲಿಲ್ಲ, ಜೋಳದ ಹೂವು ಬರಾಕತ್ತಿದ್ವು, ಬೆಳ್ಳಗ, ಬೆಳ್ಳಗ... ನಾ ಉಡಿ ಒಡ್ಡಿದೆ. ಉಡಿ ತುಂಬಿತು. ಆದ್ರ ಭಾರನ ಇಲ್ಲ."

ಅದು ಮುಗಿದಾಗ ನಾನೆಲ್ಲಿದ್ದೆನೋ ನನಗೇ ತಿಳಿಯಲಿಲ್ಲ. ಇನ್ನೊಂದು ತೆರೆದೆ. ಅದರಲ್ಲಿ ಹುಸೇನಮ್ಮ ಕಪ್ಪು ಎರೆಹೊಲದ ಬಿರುಕಿನೊಳಗೆ ಇಳಿದಿದ್ದಳು. ಕೆಳಗೊಂದು ಬಜಾರು, ಅಲ್ಲಿ ಬಳೆ ಮಾರುವವನು ಬಳೆಯ ಬದಲು ಸಣ್ಣ ಸಣ್ಣ ಚಂದ್ರನನ್ನು ಕೈಗೇರಿಸುತ್ತಿದ್ದ. ಹೀಗೆ ಒಂದಾದ ಮೇಲೊಂದು. ಆ ದಿನ ನಾನು ಮಾಡಬೇಕಿದ್ದ ಪ್ರಶ್ನೆಪತ್ರಿಕೆ ಹಾಗೇ ಬಿದ್ದಿತ್ತು, ಶಾಲೆಯವರು ಬೈದು ಹೋದರು.

ಆಮೇಲೆ ಅದು ಚಟವಾಯಿತು. ಚಟ ಎಂದೇ ಅನ್ನಬೇಕು, ಬೇರೆ ಒಳ್ಳೆಯ ಹೆಸರಿಟ್ಟು ನನ್ನನ್ನು ನಾನು ಮೋಸಮಾಡಿಕೊಳ್ಳಲಾರೆ. ದಿನಾ ಊಟವಾದ ಮೇಲೆ ಕದ ಮುಚ್ಚಿ, ಕಿವಿಗೆ ವೈರ್ ಸಿಗಿಸಿಕೊಂಡು, ಆ ದಿನದ ಕನಸಿಗಾಗಿ ಕಾಯುವುದು. ರೊಟ್ಟಿ ಬಡಿಯುವಾಗಲೂ ಬೇಕೆನಿಸಿತು. ನನ್ನ ಫೋನಿಗೆ ಇಳಿಸಿಕೊಂಡೆ. ಕನಸಿನ ಕೊನೆಗೆ ಮುದುಕಿ ಒಮ್ಮೊಮ್ಮೆ ಮಗಳನ್ನು ಕೇಳುವಳು, "ಖೈರೂ, ನಿನ್ನಿದು ಕೇಳಿದಿಯೇನು? ಹೆಂಗಿತ್ತು?" ಖೈರೂನ್ ಆಪಾ ಕೇಳಿರಲಿಲ್ಲ. ಒಂದನ್ನೂ ಕೇಳಿರಲಿಲ್ಲ. ಇಂದು, ನಾಳೆ, ಈ ಲಗ್ನಸರಾಯಿ ಮುಗಿಯಲಿ ಎನ್ನುತ್ತಿದ್ದಳು. ಗೋಡೆಯ ಈಚೆ ಹಿಟ್ಟಿನ ಕೈಯಲ್ಲಿ ನಿಂತು ನಾನು, "ಕೇಳೀನಮ್ಮಾ, ಚಂದಿತ್ತು" ಎಂದು ಪಿಸುಗುಡುತ್ತಿದ್ದೆ. ಹುಚ್ಚು ಹೆಣ್ಣು.

ಅಷ್ಟರಲ್ಲಿ ಒಂದು ದಿನ ಆಪಾ ಟಿವಿಯಲ್ಲಿ ಏನೋ ನೋಡಿ ಗಾಬರಿಯಾಗಿ ಗೋಡೆಯ ಹತ್ತಿರ ಬಂದಳು.

"ಗಿರಿಜಾ, ಇಂಟರ್‌ನೆಟ್ಟಿನ್ಯಾಗ ಕಳ್ಳರು ಬರ್ತಾರಂತಲ್ಲಬೇ. ಅದೇನೋ ಗೋಡಿ ಇರ್ತೈತಂತ, ಬೆಂಕಿ ಗೋಡಿ. ನಂದಕ್ಕ ಹಾಕೀಯೇನು?"

"ಹಾಕೀನಿ ಆಪಾ. ನಾ ಇರೂತನಾ ನೀ ಯಾಕ ಅಂಜತಿ?"

ಹಾಗಂದೆ. ನಾಲಿಗೆ ತೊದಲಲಿಲ್ಲ ಕೂಡ. ಅದೇ ಸಂಜೆ, ಶಾಯಿ ನೋಡುವ ನೆಪದಲ್ಲಿ ಆಕೆಯ ಮನೆಗೆ ಹೋದೆ. ಫೈರ್‌ವಾಲ್ ಇಲ್ಲ, ಅಪಾಯ ಎಂದು ಪರದೆಯ ಮೂಲೆಯಲ್ಲಿ ಆಗಾಗ ಒಂದು ಎಚ್ಚರಿಕೆ ಏಳುತ್ತಿತ್ತು. ಇಂಗ್ಲಿಷಿನಲ್ಲಿದ್ದುದರಿಂದ ಆಪಾ ಇಷ್ಟು ದಿನ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇನ್ನು ಯಾರಾದರೂ ಓದಿ ಹೇಳಿಯಾರೆಂದು ಅದೂ ಏಳದಂತೆ ಮಾಡಿ ಬಂದೆ. ಫೈರ್‌ವಾಲ್ ಚಾಲೂ ಮಾಡಿ ಪ್ರಿಂಟರಿಗೆ ಮಾತ್ರ ದಾರಿ ಬಿಟ್ಟಿದ್ದರೆ ಆಕೆಯೂ ಭದ್ರ, ನನ್ನ ಕೆಲಸವೂ ನಿಲ್ಲುತ್ತಿರಲಿಲ್ಲ, ನಿಲ್ಲುತ್ತಿದ್ದದ್ದು ಕನಸೊಂದೇ. ನನ್ನ ಸ್ವಂತ ಕಂಪ್ಯೂಟರಿಗೆ ಮಾತ್ರ ನಾನು ಎಂದೋ ಫೈರ್‌ವಾಲ್ ಹಾಕಿಕೊಂಡಿದ್ದೆ — ನನ್ನ ಕಡತ ಯಾರೂ ನೋಡಬಾರದಲ್ಲ!

ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ... ಒಂದು ಕನಸಿತ್ತು. ಕಾರಣವೆಂದು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ನನ್ನ ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಹುಸೇನಮ್ಮ ಆಕೆಯನ್ನು ಕಂಡವಳೇ ಅಲ್ಲ. ಆದರೆ ಒಂದು ಮಧ್ಯಾಹ್ನ ಕಿವಿಯಲ್ಲಿ ಈ ಮಾತು ಬಂತು:

"ಇವತ್ತ ಬಾಜೂ ಮನಿ ಗಿರಿಜಾನ ಅವ್ವ ಬಂದಿದ್ಲು ಖೈರೂ. ನನ್ನ ಹೊರಸಿನ ಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೊಂಡ್ಲು. ಮಗಳಂಗ ಮೂಗು. ಭಾಳ ದೂರದಿಂದ ನಡಕೊಂತ ಬಂದಾಕಿ, ಕಾಲಿಗೆಲ್ಲ ಎರಿಮಣ್ಣು. ಒಂದ ಮಾತು ಕೇಳಿದ್ಲು, ಆಕಿ ಉಂಡಾಳೇನು ಅಂತ. ಉಂಡಾಳವ್ವಾ, ಈಗ ಮಲಗ್ಯಾಳ ಅಂದೆ. ಹಂಗಾದ್ರ ಎಬ್ಬಸಬ್ಯಾಡ ಅಂದ್ಲು."

ನಾನು ನೆಲದ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಮುದುಕಿ ಗೋಡೆಯಾಚೆಗೇ ಇದ್ದಳು, ಜೀವಂತ. ಎದ್ದುಹೋಗಿ ಆಕೆಯ ಕಾಲ ಬಳಿ ಕೂತು, ಅಮ್ಮಾ, ಅವಳು ಯಾವ ಬಣ್ಣದ ಸೀರೆ ಉಟ್ಟಿದ್ದಳು, ಧ್ವನಿ ಹೇಗಿತ್ತು ಎಂದು ಕೇಳಬಹುದಿತ್ತು. ಹೇಗೆ ಕೇಳಲಿ? ಕೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾಳೆ. ಒಂದು ಗಿಂಡಿ ಮಜ್ಜಿಗೆ ಹಿಡಿದುಕೊಂಡು ಹೋದೆ. ಹುಸೇನಮ್ಮ ನನ್ನ ಮುಖ ಸವರಿ, "ಊಟಾಯ್ತೇನವ್ವಾ?" ಎಂದಳು. "ಆಯ್ತಮ್ಮಾ" ಎಂದು ಗಿಂಡಿ ಇಟ್ಟು ಬಂದುಬಿಟ್ಟೆ. ಆ ಕನಸನ್ನು ಎಷ್ಟು ಸಲ ಕೇಳಿದೆನೋ — ನಿದ್ದೆಯಲ್ಲೂ ಬಾಯಿಪಾಠವಾಗಿತ್ತು.

ಮುಂದಿನ ಚಳಿಗಾಲದಲ್ಲಿ ಹುಸೇನಮ್ಮ ಹೋದಳು, ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ. ಓಣಿಯೆಲ್ಲ ನಿಂತು ಮಣ್ಣು ಮಾಡಿ ಬಂದಿತು. ದಿನಗಳು ಕಳೆದ ಮೇಲೆ ಆಪಾ ಗೋಡೆಗೆ ಮೊಣಕೈ ಊರಿ ಹೇಳಿದಳು: "ಅಮ್ಮಿ ಕನಸು ಎಲ್ಲಾ ಅದರಾಗ ಅದಾವಬೇ. ಬದುಕಿದ್ದಾಗ ಒಂದೂ ಕೇಳಲಿಲ್ಲ ನಾನು, ನೀಚ ನಾನು. ಈಗ ಕೇಳಿದ್ರ ಎದಿ ಒಡಿತೈತಿ. ಸ್ವಲ್ಪ ಮನಸು ಗಟ್ಟಿ ಆಗ್ಲಿ, ದಿನಕ್ಕೊಂದು ಕೇಳ್ತೀನಿ. ಒಮ್ಮೆಲೆ ಕೇಳಿ ತೀರಸಂಗಿಲ್ಲ, ನನ್ನ ಜೀವ ಇರೂಮಟ ಬರ್ಬೇಕು ಅವು." ನಾನು ಹೂಂಗುಟ್ಟಿದೆ. ಆ ಮಧ್ಯಾಹ್ನವೂ ನಾನು ಒಂದನ್ನು ಕೇಳಿ ಬಂದಿದ್ದೆ. ಆಗಲಾದರೂ ಫೈರ್‌ವಾಲ್ ಹಾಕಬಹುದಿತ್ತು. ಕನಸುಗಳೆಲ್ಲ ನನ್ನ ಫೋನಿಗೆ ಬಂದಾಗಿತ್ತು. ಆದರೆ ಹಾಕುವುದೆಂದರೆ ಇಷ್ಟು ದಿನ ಹಾಕಿರಲಿಲ್ಲ ಎಂದು ನನಗೆ ನಾನೇ ಒಪ್ಪಿಕೊಂಡಂತೆ. ಅಷ್ಟಕ್ಕೂ ಧೈರ್ಯ ಬರಲಿಲ್ಲ.

ಬೇಸಿಗೆಯಲ್ಲಿ ಒಬ್ಬ ಗಿರಾಕಿ ಪತ್ರಿಕೆ ಮಾಡಿಸಲು ಪೆನ್‌ಡ್ರೈವ್ ತಂದ. ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರೊಳಗಿದ್ದ ವೈರಸ್ ಪೀಡೆ ಮೊದಲು ನನ್ನ ಕಡತಗಳನ್ನು ತಿಂದಿತು. ಫೈರ್‌ವಾಲ್ ತಡೆಯುವುದು ವೈರಿನಿಂದ ಬರುವವರನ್ನು. ನಾನೇ ಕೈಯಾರೆ ಒಳಗೆ ತಂದದ್ದನ್ನು ಅದೇನು ಮಾಡೀತು? ನಾನು ಹೌಹಾರಿ ಸ್ವಿಚ್ಚು ಕಿತ್ತೆ. ಅಷ್ಟರಲ್ಲಿ ಅದು ಗೋಡೆಯ ಮೇಲಿನ ವೈರಿನಲ್ಲಿ ಆಚೆ ದಾಟಿತ್ತು. ಅಲ್ಲಿ ಕೇಳುವವರು ಯಾರಿದ್ದರು, ಯಾರು, ಎಲ್ಲಿಂದ, ಯಾಕೆ ಎಂದು?

"ಗಿರಿಜಾ! ಗಿರಿಜಾ! ಇಲ್ಲಿ ಬಾರಬೇ, ನನ್ನ ಕಂಪ್ಯೂಟರಿಗೆ ಏನೋ ಆಗೈತಿ!"

ಹೋಗಿ ನೋಡಿದೆ. ಹೂವು, ಬಳ್ಳಿ, ನವಿಲು, ಅಮ್ಮಿ — ಎಲ್ಲ ಫೈಲುಗಳೂ ಬೀಗ ಬಿದ್ದು, ಹೆಸರು ಕೂಡ ಗುರುತು ಸಿಗದಂತಾಗಿದ್ದವು. "ಕರೆಂಟು ಏರಿಳಿತ ಆಗಿರಬೇಕು ಆಪಾ" ಎಂದೆ. ಬಾಯಿಗೆ ಬಂದದ್ದು ಅದು.

ಮರುದಿನ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದೆವು. ಆಪಾ ಕಂಪ್ಯೂಟರಿನ ಡಬ್ಬಿಯನ್ನು ತಾಯಿಯ ಹಳೆ ದುಪಟ್ಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಅವಚಿಕೊಳ್ಳುವಳು. ಕಿಟಕಿಯಾಚೆ ನೀರು ನಿಂತ ಭತ್ತದ ಮಡಿಗಳು, ಅದರಲ್ಲಿ ಆಕಾಶ, ಆಕಾಶದಲ್ಲಿ ಬೆಳ್ಳಕ್ಕಿ. ಎಲ್ಲವೂ ಹುಸೇನಮ್ಮ ಹೇಳಿದ ಯಾವುದೋ ಕನಸಿನ ಒಳಗಿನಂತೆಯೇ ಕಂಡಿತು. ನನ್ನ ಕುಬುಸದೊಳಗೆ ಫೋನ್ ಬೆಚ್ಚಗಿತ್ತು. ಫೋನಿನೊಳಗೆ ಆಕೆಯೇ ಇದ್ದಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತೆ.

ರಿಪೇರಿ ಅಂಗಡಿಯವನು ಬಹಳ ಹೊತ್ತು ತಿಣುಕಾಡಿ ತಲೆಯೆತ್ತಿದ. "ಇದರಾಗಿಂದು ಏನೂ ವಾಪಸ್ ಬರಂಗಿಲ್ಲ ರೀ. ಅಲ್ಲ, ಯಾರ್ರೀ ಇದರ ಫೈರ್‌ವಾಲ್ ಬಂದ್ ಮಾಡಿದವರು? ಎಚ್ಚರಿಕಿ ಕೊಡೋದನ್ನೂ ಬಂದ್ ಮಾಡ್ಯಾರಲ್ಲ!"

ಆಪಾ ನನ್ನ ಕಡೆ ತಿರುಗಿದಳು. ನನ್ನ ಮೇಲೆ ಅನುಮಾನದಿಂದಲ್ಲ — ಅಯ್ಯೋ, ಅನುಮಾನಪಟ್ಟಿದ್ದರೆ ನಾನು ಬದುಕುತ್ತಿದ್ದೆ. ಹೆದರಿದ ಕಣ್ಣಿನಿಂದ ಕೇಳಿದಳು: "ನಾ ಏನರೆ ತಿಳೀದ ಒತ್ತಿದ್ನೇನು ಗಿರಿಜಾ?"

ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯದೇ.

"ಒತ್ತಿರಬೇಕು ಆಪಾ. ತಿಳೀದ ಆಗಿರ್ತೈತಿ, ಬಿಡು."

ಆಪಾ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಇನ್ನೊಂದು ಕೇಳಿದಳು, "ಆ ವೈರಿನ್ಯಾಗ ಹಾದು ಒಂದೆರಡರೆ ನಿನ್ನ ಕಡೆ ಬಂದು ಉಳಿದಿರಬಹುದೇನು?" ಏನೂ ತಿಳಿಯದೆ ಕೇಳಿದ ಪ್ರಶ್ನೆ, ಆದರೆ ಅಷ್ಟು ಸರಿಯಾಗಿ ಯಾವ ಪೊಲೀಸನೂ ಕೇಳಲಾರ. "ಇಲ್ಲ ಆಪಾ" ಎಂದೆ. ಬರುವಾಗ ಬಸ್ಸಿನಲ್ಲಿ ಆಕೆ ಒಂದೇ ಮಾತು ಆಡಿದಳು: "ಅಮ್ಮಿ ಹೇಳ್ಕೊಂತ ಕುಂತ್ಲು, ನಾ ಕೇಳಲಿಲ್ಲ. ಉಳಿದಿದ್ದನ್ನ ನನ್ನ ಕೈಲೇ ನಾನ ಕೊಂದೆ." ನಾನು ಆಕೆಯ ಬೆನ್ನು ಸವರಿದೆ! ಸಮಾಧಾನ ಮಾಡಿದೆ! ಥೂ.

ಅಂದಿನಿಂದ ಆಪಾ ಕಂಪ್ಯೂಟರ್ ಮುಟ್ಟಲಿಲ್ಲ. ವೈರ್ ಬಿಚ್ಚಿದೆವು. ಕಾಗದದಿಂದ ಚಿತ್ರ ಇಳಿಸಿ ಮಾಡುವ ಕಸೂತಿಯೂ ನಿಂತಿತು, ಬರೀ ಹೊಲಿಗೆ. ಮಳೆಗಾಲ ಮುಗಿಯುವುದರೊಳಗೆ ಮನೆ ಖಾಲಿ ಮಾಡಿ ಲಿಂಗಸುಗೂರಿನಲ್ಲಿ ತಂಗಿಯ ಮನೆಯ ಮೇಲಿನ ಖೋಲಿಗೆ ಹೋದಳು. ಹೋಗುವಾಗ ಪ್ರಿಂಟರನ್ನು ನನಗೇ ಕೊಟ್ಟಳು. ತೆಗೆದುಕೊಂಡೆ.

ವರ್ಷಗಳು ಹೋದವು. ನಾನು ಕನಸು ಕೇಳುವುದನ್ನು ಬಿಟ್ಟೆನೇ? ಬಿಡಲಿಲ್ಲ. ಫೋನ್ ಬದಲಾಯಿಸಿದಾಗ ಹೊಸದಕ್ಕೂ ಇಳಿಸಿಕೊಂಡೆ, ಹಳೆಯದನ್ನು ಬಟ್ಟೆಯ ಕೆಳಗೆ ಇಟ್ಟುಕೊಂಡೆ. ಕೊಟ್ಟುಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಕೊಟ್ಟರೆ, ಎಲ್ಲಿಂದ ಬಂತು ಎಂದು ಹೇಳಬೇಕು. ಹೇಳಿದರೆ ಆಕೆ ನನ್ನ ಮುಖ ನೋಡುವುದಿಲ್ಲ. ಅಂದರೆ — ನನ್ನ ಮುಖದ ಬೆಲೆಗೆ ಆಕೆಯ ತಾಯಿಯನ್ನು ಒತ್ತೆ ಇಟ್ಟುಕೊಂಡಿದ್ದೆ. ಇದನ್ನು ಇಷ್ಟು ಸ್ಪಷ್ಟವಾಗಿ ಆಗ ಅಂದುಕೊಂಡಿರಲಿಲ್ಲ. ಈಗ ಬರೆಯುವಾಗ ಕಾಣುತ್ತಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಲಗ್ನಕ್ಕೆ ಆಪಾ ಬಂದಿದ್ದಳು. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ತಬ್ಬಿ, "ಸಣ್ಣಾಗಿಯಲ್ಲಬೇ, ಮಾಸ್ತರ ಉಪವಾಸ ಕೆಡುವತಾನೇನು?" ಎಂದು ಚೇಷ್ಟೆ ಮಾಡಿದಳು. ಮದುಮಗಳು ತನ್ನ ಫೋನನ್ನು ಆಕೆಯ ಕೈಗೆ ಕೊಟ್ಟು, ನನ್ನನ್ನು ಹರಸಿ ನಾಲ್ಕು ಮಾತು ಹೇಳಿ ಇದರಲ್ಲಿ ಇಡಿ ಎಂದಳು. ಆಪಾ ಬಿಸಿ ತಾಗಿದವಳಂತೆ ಕೈ ಹಿಂದೆ ಸರಿಸಿದಳು.

"ಬ್ಯಾಡವ್ವಾ, ನನ್ನ ಕೈ ಛಲೋ ಇಲ್ಲ. ನಾ ಮುಟ್ಟಿದ್ರ ಇದ್ದದ್ದೂ ಅಳಿಸಿ ಹೋಗ್ತೈತಿ. ಹಂಗ ಬಾಯಿಲೇ ಹರಸ್ತೀನಿ, ತಗೋ."

ಎಲ್ಲರೂ ನಕ್ಕರು. ಹೂವಿನಂಥ ಕಸೂತಿ ತೆಗೆದ ಕೈ ಅದು. ಅಷ್ಟು ವರ್ಷಗಳಿಂದ ಅದನ್ನು ಪಾಪದ ಕೈ ಎಂದುಕೊಂಡು ಹೊತ್ತು ತಿರುಗುತ್ತಿದ್ದಾಳೆ. ಹಾಗೆ ಮಾಡಿದವಳು ನಾನು ಪಕ್ಕದಲ್ಲೇ ಕೂತು ಬುಂದಿ ತಿನ್ನುತ್ತಿದ್ದೆ.

ಅದಾದ ಮೇಲೂ ತಡಮಾಡಿದೆ, ಹೇಡಿಯಾಗಿ. ಹೋದ ವಾರ ಲಿಂಗಸುಗೂರಿಗೆ ಹೋದೆ. ಮಧ್ಯಾಹ್ನದ ಹೊತ್ತು. ಮೇಲಿನ ಖೋಲಿಯಲ್ಲಿ ಆಪಾ ಒಬ್ಬಳೇ ಕೂತು ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಚಹಾಕ್ಕೆ ಎದ್ದವಳನ್ನು ತಡೆದು, ಹಳೆ ಫೋನನ್ನು ಆಕೆಯ ಮುಂದಿಟ್ಟು, ಮೊದಲಿಂದ ಕೊನೆಯವರೆಗೆ ಹೇಳಿದೆ. ವೈರ್, ಫೈರ್‌ವಾಲ್, ಎಚ್ಚರಿಕೆ ಮುಚ್ಚಿದ್ದು, ಪೆನ್‌ಡ್ರೈವ್, ಸಿಂಧನೂರಿನ ಅಂಗಡಿಯಲ್ಲಿ ಆಡಿದ ಮಾತು. "ನಿನ್ನ ಕೈಯಾಗ ಏನೂ ತಪ್ಪಿಲ್ಲ ಆಪಾ. ನೀ ಏನೂ ಒತ್ತಿರಲಿಲ್ಲ. ಎಲ್ಲಾ ನಂದ."

ಆಪಾ ಬೈಯಲಿಲ್ಲ. ಬೈಯಲಿ, ಎರಡು ಬಾರಿಸಲಿ ಎಂದು ಕಾಯುತ್ತಿದ್ದೆ. ಕೇಳಿದ್ದು ಇಷ್ಟೇ:

"ಎಲ್ಲಾ ಕೇಳೀಯೇನು ನೀನು?"

"ಕೇಳೀನಿ."

"ನಾ ಒಂದೂ ಕೇಳಿಲ್ಲ." ಹಿಡಿದಿದ್ದ ದಾರವನ್ನು ಕೆಳಗಿಟ್ಟಳು. "ಇನ್ನೊಂದು ಕಡೆ ಇಟ್ಕೊಂಡೀಯೇನು?"

"ಹೊಸ ಫೋನಿನ್ಯಾಗ ಐತಿ."

"ಅಳಸು. ನನ್ನ ಮುಂದ."

ಅಳಿಸಿದೆ. ಅದರೊಳಗೆ ನನ್ನ ಅವ್ವ ಎಲೆ ಅಡಿಕೆ ಹಾಕಿಕೊಂಡು ಕೂತ ಕನಸೂ ಇತ್ತು. ಅದೊಂದನ್ನು ಬಿಡು ಎಂದು ಕೇಳಲಿಲ್ಲ; ಕೇಳಲೂಬಾರದು. ಹಳೆ ಫೋನಿನಲ್ಲಿ ಎಲ್ಲಿ ಒತ್ತಬೇಕೆಂದು ತೋರಿಸಿದೆ. ಆಪಾ ತನ್ನ ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ಬೆರಳನ್ನು ಮೆಲ್ಲಗೆ ಮುಂದೆ ತಂದು, ಒತ್ತದೆ, ನನ್ನ ಕಡೆ ನೋಡಿದಳು.

"ಈಗ ನೀ ಹೋಗು ಗಿರಿಜಾ. ನಾ ಒಬ್ಬಾಕಿನ ಕೇಳಬೇಕು."

ಎದ್ದೆ. ನಾನು ಹೊರಗೆ ಬಂದ ಮೇಲೆ ಒಳಗಿನಿಂದ ಚಿಲಕ ಬಿತ್ತು. ಚಪ್ಪಲಿ ಹಾಕಿಕೊಳ್ಳುತ್ತಿದ್ದಂತೆ ಕದದ ಆಚೆ ಹುಸೇನಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಮಾತು ಶುರುವಾಗುವುದರೊಳಗೆ ನಾನು ಬಿರಬಿರನೆ ಮೆಟ್ಟಿಲಿಳಿದು, ಏನೂ ಕೇಳಿಸದಷ್ಟು ದೂರ ಹೋಗಿ ನಿಂತೆ.